ಕಾರ್ಬುರೇಟರಿನ ಕಂಠ

ಇಂದಿನ ಹೊಸ ಕಾರುಗಳಲ್ಲಿ ಪೆಟ್ರೋಲನ್ನು ಚಿಮ್ಮಿಸುವ ಸಾಧನಗಳು ಬಂದಿದ್ದರೂ ಹಳೆಯ ಪಂದ್ಯದ ಕಾರುಗಳು ಕಾರ್ಬುರೇಟರನ್ನೇ ನೆಚ್ಚಿವೆ. ಅದು ದೊಡ್ಡದಾದಷ್ಟೂ ಎಂಜಿನ್ನಿನ ಶಕ್ತಿ ಹೆಚ್ಚುವುದೆಂಬ ನಂಬಿಕೆ ಅನೇಕರಲ್ಲುಂಟು. ಇದು ನಿಜವೇ ಎಂಬುದನ್ನು ನಾವು ವಿಚಾರಿಸೋಣ.

ನಾಲ್ಕು ಸ್ಟ್ರೋಕಿನ ಎಂಜಿನ್ನು ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಹೀರುತ್ತದೆ. 2 ಲೀಟರ್ ಗಾತ್ರದ ಎಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಅದಕ್ಕೆ ಸುಮಾರು 6,000 ಲೀಟರ್ ಗಾಳಿ ಬೇಕು. ಈ ಗಾಳಿಯು ಕಾರ್ಬುರೇಟರಿನ ಕಿರಿದಾದ ಕಂಠದಲ್ಲಿ ವೇಗವಾಗಿ ಹರಿಯುವುದರಿಂದ ಅಲ್ಲಿ ಒತ್ತಡ ಇಳಿಯುತ್ತದೆ. ಆ ಇಳಿತವೇ ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಪೆಟ್ರೋಲನ್ನು ಸೆಳೆಯುತ್ತದೆ.

ಕಂಠದ ವಿಸ್ತೀರ್ಣವನ್ನು ಇಮ್ಮಡಿಗೊಳಿಸಿದರೆ ಅಷ್ಟೇ ಗಾಳಿಯ ವೇಗ ಅರ್ಧವಾಗುತ್ತದೆ; ಸೆಳೆತವಾದರೋ ಕಾಲುಭಾಗಕ್ಕೆ ಇಳಿಯುತ್ತದೆ! ಆಗ ಎಂಜಿನ್ನು ನಿಧಾನವಾಗಿ ತಿರುಗುವಾಗ ತಡವರಿಸುತ್ತದೆ. ಕಂಠ ತೀರ ಕಿರಿದಾದರೆ ವೇಗ ಹೆಚ್ಚಿದಾಗ ಗಾಳಿ ಸಾಲದು. ಇಟಲಿಯ ವೆಬರ್ ಡಿಸಿಓಇ ಕಾರ್ಬುರೇಟರಿನಲ್ಲಿ ಕಂಠವನ್ನೂ ಜೆಟ್ಟನ್ನೂ ಬದಲಿಸುವ ಅನುಕೂಲವಿರುವುದು ಈ ಕಾರಣದಿಂದಲೇ.

ಮೊದಲು ಕಂಠ, ಅನಂತರ ಜೆಟ್, ಇದೇ ಕ್ರಮ. ಪೆಟ್ರೋಲು ಪೂರ್ಣವಾಗಿ ಉರಿಯಲು ಅದರ ತೂಕದ 14.7ರಷ್ಟು ಗಾಳಿ ಬೇಕು. ಹೆಚ್ಚಿನ ಶಕ್ತಿ ದೊರೆಯುವುದು ಸುಮಾರು 13ರಷ್ಟಿದ್ದಾಗ. ಸ್ಪಾರ್ಕ್ ಪ್ಲಗ್ಗಿನ ಮೇಲೆ ಕಪ್ಪು ಮಸಿ ಕಂಡರೆ ಪೆಟ್ರೋಲು ಹೆಚ್ಚೆಂದೂ, ಬಿಳಿಚಿಕೊಂಡಿದ್ದರೆ ಕಡಿಮೆಯೆಂದೂ ಊಹಿಸಬಹುದು. ಪೂರ್ಣವೇಗದಲ್ಲಿ ಪೆಟ್ರೋಲು ಸಾಲದಾದರೆ ಕಾವೇರಿ ಪಿಸ್ಟನ್ನೇ ಕರಗೀತು. ಆದುದರಿಂದ ದೊಡ್ಡ ಜೆಟ್ಟಿನಿಂದ ತೊಡಗಿ ಒಂದೊಂದೇ ಮೆಟ್ಟಿಲು ಚಿಕ್ಕದಕ್ಕೆ ಬರುವುದು ಕ್ಷೇಮ. ಪೆಟ್ರೋಲು ತುಸು ಹೆಚ್ಚಾದರೆ ಶಕ್ತಿ ಕುಂದೀತು; ಕಡಿಮೆಯಾದರೆ ಎಂಜಿನ್ನೇ ಹೋದೀತು.