ಮೂಲೆ ಸೇರಿದ ಟ್ರೆಡ್‌ಮಿಲ್‌ಗೂ ಕೆಲಸವಿದೆ

ಆರೋಗ್ಯಕ್ಕೆಂದು ಕೊಂಡ ಟ್ರೆಡ್‌ಮಿಲ್ ಕೆಲವೇ ತಿಂಗಳಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಗುವುದು ಅನೇಕ ಮನೆಗಳ ಕತೆ. ಕೊನೆಗೆ ಅದು ಗುಜರಿಗೆ. ಆದರೆ ಬೆಲ್ಟ್ ಹರಿದರೂ ಒಳಗಿನ ಮೋಟಾರು ಗಟ್ಟಿಯಾಗಿಯೇ ಇರಬಹುದು.

ಸಾಗರ, ಹೊಸನಗರ, ತೀರ್ಥಹಳ್ಳಿಗಳು ಅಡಿಕೆಯ ನಾಡು. ಸಾಗರವಂತೂ ಗುಡಿಗಾರರ ಶ್ರೀಗಂಧದ ಕೆತ್ತನೆಗೂ ಹೆಸರುವಾಸಿ. ಇಂಥ ಕಡೆ ಮರ ಕಡೆಯುವ ಸಣ್ಣ ಲೇತ್‌ಗೋ ಪಾಲಿಶ್ ಚಕ್ರಕ್ಕೋ ಈ ಮೋಟಾರು ಒದಗೀತು. ನೀರೆತ್ತುವ ಪಂಪಿನ ಮೋಟಾರು ಸಾಮಾನ್ಯವಾಗಿ ಒಂದೇ ವೇಗದಲ್ಲಿ ತಿರುಗುತ್ತದೆ. ಮನೆಬಳಕೆಯ ಹೆಚ್ಚಿನ ಟ್ರೆಡ್‌ಮಿಲ್‌ಗಳದ್ದು ಡಿ.ಸಿ. ಮೋಟಾರು. ಜೊತೆಗಿರುವ ಕಂಟ್ರೋಲರ್ ವೋಲ್ಟೇಜನ್ನು ಹೆಚ್ಚು ಕಡಿಮೆ ಮಾಡಿ, ಬೇಕಾದ ವೇಗ ಕೊಡುತ್ತದೆ.

ಆದರೆ ಇದು ಮಕ್ಕಳಾಟವಲ್ಲ. ಆ ಬೋರ್ಡಿನಲ್ಲಿ 230 ವೋಲ್ಟಿನ ಮನೆಯ ವಿದ್ಯುತ್ತೇ ನೇರವಾಗಿ ಹರಿಯುತ್ತಿರಬಹುದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟು ಉಳಿದಿರುತ್ತದೆ. ಆದ್ದರಿಂದ ಬಲ್ಲ ಎಲೆಕ್ಟ್ರಿಷಿಯನ್‌ನಿಂದಲೇ ಜೋಡಿಸಿ, ಅರ್ತಿಂಗ್ ಕೊಡಿಸಿ. ಮೋಟಾರನ್ನು ತಿರುವುಮುರುವಾಗಿ ಓಡಿಸಿದರೆ ಮರೆಯಿಂದ ಬಿಗಿದ ಗಾಲಿ ಸಡಿಲಗೊಂಡು ಹಾರಬಹುದು. ನಿಧಾನವಾಗಿ ಬಹಳ ಹೊತ್ತು ಓಡಿಸಿದರೆ ಗಾಳಿ ಸಾಲದೆ ಬಿಸಿಯೇರುತ್ತದೆ.

ಉಡುಪಿಗೆ ಸಿಕ್ಕಿಸಿಕೊಳ್ಳುವ ದಾರದ ಕೀಲಿಯನ್ನು ಮಾತ್ರ ಬಿಸಾಡಬೇಡಿ. ಎಳೆದರೆ ಸಾಕು, ಯಂತ್ರ ನಿಲ್ಲುತ್ತದೆ. ತಿರುಗುವ ಚಕ್ರದ ಹತ್ತಿರ ದುಪಟ್ಟಾ, ಸೆರಗು, ಬಿಚ್ಚಿದ ಕೂದಲು ಬೇಡವೇ ಬೇಡ. ಉಳಿಸಿದ ಹಣಕ್ಕಿಂತ ಉಳಿದ ಕೈಬೆರಳು ದೊಡ್ಡದು.