ಮನೆಯಲ್ಲಿ ತೋಟಾ ತುಂಬಿಕೊಳ್ಳಬಹುದೇ?

ಕೆನೆತ್ ಆಂಡರ್ಸನ್ ಅವರ ಬೇಟೆ ಕಥೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ .405 ವಿಂಚೆಸ್ಟರ್ ರೈಫಲ್ ಹೊಸದಲ್ಲ. ತಮಿಳುನಾಡಿನಲ್ಲಿರುವ, ಕನ್ನಡ ಮಾತಾಡುವ ತಾಳವಾಡಿ ಸೀಮೆಯ ಬಗ್ಗೆಯೂ ಆಂಡರ್ಸನ್ ಬರೆದಿದ್ದಾರೆ. 1904ರಲ್ಲಿ ಬಂದ .405 ತೋಟಾ ಕಾಲಕ್ರಮೇಣ ಅಂಗಡಿಗಳಿಂದ ಮರೆಯಾಯಿತು. ಇಂಥ ಹಳೆಯ ರೈಫಲ್‌ಗಳನ್ನು ಉಳಿಸಿಕೊಂಡ ಅಮೆರಿಕನ್ನರು ಸಿಡಿದ ತೋಟಾದ ಹಿತ್ತಾಳೆ ಕೊಳವೆಯನ್ನು ಎಸೆಯದೆ ಮನೆಯಲ್ಲೇ ಮತ್ತೆ ತುಂಬಿಕೊಳ್ಳುತ್ತಾರೆ. ಅಲ್ಲಿ ಇದು ಕಾನೂನು ಒಪ್ಪಿದ, ಲಕ್ಷಾಂತರ ಮಂದಿಯ ಹವ್ಯಾಸ.

ತೋಟಾದಲ್ಲಿ ನಾಲ್ಕು ಭಾಗಗಳು: ಹಿತ್ತಾಳೆ ಕೊಳವೆ, ಬುಡದ ಕೇಪು, ಮದ್ದು, ಗುಂಡು. ಹಾರಿಸಿದ ಮೇಲೆ ಉಳಿಯುವುದು ಕೊಳವೆ ಮಾತ್ರ. ಅದು ಉಬ್ಬಿರುತ್ತದೆ, ಉಕ್ಕಿನ ಅಚ್ಚಿಗೆ ಒತ್ತಿ ಹಳೆಯ ಅಳತೆಗೆ ತರಬೇಕು. ಒತ್ತುವುದಕ್ಕೆ ಮೇಜಿಗೆ ಬಿಗಿದ, ಹಿಡಿಕೆಯುಳ್ಳ ಪ್ರೆಸ್ ಬೇಕು. 1943ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್ ಕಟ್ಟಿದ ಆರ್‌ಸಿಬಿಎಸ್ ಕಂಪನಿ ಇಂಥ ಪ್ರೆಸ್‌ಗಳಿಂದಲೇ ಹೆಸರಾಯಿತು. ಹೊಸಬರು ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಪ್ರೆಸ್ ಕೊಳ್ಳುವುದೇ ಸರಿ. ಒಂದು ಎಳೆತಕ್ಕೆ ನಾಲ್ಕಾರು ಕೆಲಸ ಮುಗಿಸುವ ಯಂತ್ರದಲ್ಲಿ ಕಣ್ಣು ತಪ್ಪಿದರೆ ಒಂದೇ ಕೊಳವೆಗೆ ಎರಡು ಬಾರಿ ಮದ್ದು ಬೀಳಬಹುದು. ಆಮೇಲೆ ನಳಿಗೆ ಸೀಳುವುದು ಹಾರಿಸುವವನ ಮುಖದೆದುರು.

ಆದ್ದರಿಂದ ಹಣ ಹಾಕಬೇಕಾದದ್ದು ಪ್ರೆಸ್‌ಗಿಂತ ಮೊದಲು ತಕ್ಕಡಿಗೆ. ಮದ್ದನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಒಳ್ಳೆಯ ತಕ್ಕಡಿ ಅದರ ಹತ್ತನೇ ಒಂದು ಭಾಗವನ್ನೂ ತೋರಿಸಬೇಕು. ಹೆಚ್ಚುಕಡಿಮೆ ಎರಡು ರಾಗಿಕಾಳಿನ ತೂಕ ಅದು. ಅಂದಾಜಿನಲ್ಲಿ ಚಿಟಿಕೆ ಸುರಿಯುವ ಕೈಗೆ ಈ ಕೆಲಸ ಹೇಳಿದ್ದಲ್ಲ.

ಅಮೆರಿಕದ ಈ ಮೇಜನ್ನು ತಾಳವಾಡಿಗೆ ತಂದಿಡಲು ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ಎಂದರೆ ತುಂಬಿದ ತೋಟಾ ಮಾತ್ರವಲ್ಲ. ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರವೂ ಅದರಲ್ಲಿ ಸೇರಿವೆ. ಅಂದರೆ ಖಾಲಿ ಪ್ರೆಸ್ ಕೂಡ ಕಾನೂನಿನ ಕಣ್ಣಲ್ಲಿ ಮದ್ದುಗುಂಡೇ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಕೊಡಗಿನವರಿಗೆ ಬ್ರಿಟಿಷರ ಕಾಲದಿಂದ ಬಂದಿರುವ ವಿನಾಯಿತಿಯೂ ಕೋವಿ ಇಟ್ಟುಕೊಳ್ಳುವುದಕ್ಕೇ ಹೊರತು ತಯಾರಿಕೆಗಲ್ಲ. ಕೋವಿಗೆ ಲೈಸೆನ್ಸ್ ಇರುವವರು ಖಡ್ಕಿಯ ಸರ್ಕಾರಿ ಕಾರ್ಖಾನೆಯ 12 ಬೋರ್ ತೋಟಾಗಳನ್ನು ಅಧಿಕೃತ ಅಂಗಡಿಯಿಂದ ಕೊಳ್ಳುವುದೇ ಸರಿಯಾದ ದಾರಿ.

ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ ಬಂದರೆ ಸಿಗುವ ತಾಳವಾಡಿಯ ಈ ಕನ್ನಡ ಸೀಮೆಯ ಸುತ್ತ 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಿದೆ. ರಾಗಿ, ಜೋಳ, ಬಾಳೆಗೆ ಹಂದಿ ಮತ್ತು ಆನೆ ನುಗ್ಗುತ್ತವೆ. ಅಟ್ಟಣೆಯ ಮೇಲೆ ರಾತ್ರಿಯಿಡೀ ಕಾವಲು ಕೂತವನ ಸಿಟ್ಟು ನ್ಯಾಯವಾದದ್ದೇ. ಆದರೆ ಮನೆಯಲ್ಲಿ ಮದ್ದು ಕಲಸುವ ಕೈ ಮುಂದೆ ಸಿಡಿಮದ್ದಿನ ಉಂಡೆಗೂ ಹೋಗಬಹುದು. ಹಂದಿಗೆಂದು ಇಟ್ಟದ್ದನ್ನು ಆನೆಮರಿ ಕಚ್ಚಿದರೆ ದವಡೆ ಒಡೆದು, ಮೇವು ತಿನ್ನಲಾಗದೆ ದಿನಗಟ್ಟಲೆ ನರಳಿ ಸಾಯುತ್ತದೆ. ದನವೋ ಮಗುವೋ ಮುಟ್ಟಿದರೂ ಅದು ಸಿಡಿಯುತ್ತದೆ.

ಕಾಡುಹಂದಿಯ ವಿಷಯದಲ್ಲಿ 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಹೊಸ ಕ್ರಮ ಪ್ರಕಟಿಸಿತು. ಮೀಸಲು ಅರಣ್ಯದಿಂದ 1 ಕಿ.ಮೀ. ಒಳಗೆ ಗುಂಡು ಹಾರಿಸುವಂತಿಲ್ಲ. 1ರಿಂದ 3 ಕಿ.ಮೀ.ವರೆಗೆ ಹಿಡಿದು ಕಾಡಿಗೆ ಬಿಡಬೇಕು. ಅದರಾಚೆ ಮಾತ್ರ ಗುಂಡು, ಅದೂ ಅರಣ್ಯ ಸಿಬ್ಬಂದಿಯ ಕೈಯಿಂದ. ಕಾಡಿಗೆ ಒತ್ತಿಕೊಂಡ ಹೊಲದವರಿಗೆ ಕೋವಿಯಿಂದ ಪರಿಹಾರವಿಲ್ಲ ಎಂಬುದು ಇದರ ಅರ್ಥ. ಅವರಿಗೆ ಬೇಕಾದದ್ದು ಗಟ್ಟಿ ಬೇಲಿ, ತಡವಿಲ್ಲದ ಬೆಳೆ ಪರಿಹಾರ.

ಅಜ್ಜನ ಕಾಲದ ಕೋವಿ, ಹಸಿರುಗಟ್ಟಿದ ತೋಟಾಗಳು ಅಟ್ಟದಲ್ಲಿ ಸಿಕ್ಕಿ, ಲೈಸೆನ್ಸ್ ಮುಗಿದಿದ್ದರೆ ಪರೀಕ್ಷಿಸಲು ಹೋಗಬಾರದು. ಹತ್ತಿರದ ಪೊಲೀಸ್ ಠಾಣೆಗೆ ಮೊದಲು ಸುದ್ದಿ ಮುಟ್ಟಿಸಿ, ಅಲ್ಲಿ ಅಥವಾ ಅಧಿಕೃತ ವ್ಯಾಪಾರಿಯ ಬಳಿ ಠೇವಣಿ ಇಡಲು ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ದಾರಿ ಮಾಡಿಕೊಟ್ಟಿದೆ.