ನಿಮ್ಮ ಮನೆದೇವ್ರು ಯಾವುದ್ರೀ?

ಮೊಹರಂ ಹತ್ತಿರ ಬಂತೆಂದರೆ ತೆಲಂಗಾಣದ ಮಕ್ತಲ್ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮುಂಬಯಿ, ಪುಣೆ, ಬೆಂಗಳೂರಿನ ಕಟ್ಟಡದ ಕೆಲಸ ಬಿಟ್ಟು ಮೊಹರಂನ ಅಲಾಯಿ ಕುಣಿತ ಆಡಲು ಬಂದವರು ಗೋಣಿಚೀಲ, ಬಣ್ಣದ ಖಾಲಿ ಡಬ್ಬಿ, ನಿದ್ದೆಗಣ್ಣಿನ ಕೂಸುಗಳನ್ನು ಇಳಿಸಿಕೊಳ್ಳುತ್ತಾರೆ. ಮಕ್ಕಳ ಬಾಯಲ್ಲಿ ಹಿಂದಿ, ಅವ್ವನ ಬಾಯಲ್ಲಿ ಕನ್ನಡ, ಕಂಡಕ್ಟರನ ಬಾಯಲ್ಲಿ ತೆಲುಗು. ಆ ಗದ್ದಲದಲ್ಲಿ, ಕರೆದೊಯ್ಯಲು ಯಾರೂ ಬಾರದ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಚಹಾದಂಗಡಿ ಕಟ್ಟೆಯ ಹತ್ತಿರ ನಿಂತು, ಹಿರಿಯರ ಮುಖ ನೋಡಿ ಬಾಯಿ ಬಿಡುತ್ತಾರೆ: ‘ನಮ್ಮ ಮುತ್ಯಾ ಈ ಕಡೆಯವರಂತ್ರೀ. ಡ್ಯಾಮ್ ಕೆಲಸಕ್ಕ ಹೋದವರು ತಿರುಗಿ ಬರಲಿಲ್ಲ.’

ಹಾಗೆ ಹೋದವರು ಮನೆಮನೆಗೂ ಇದ್ದಾರೆ. ಮಕ್ತಲ್ ಕೂಡ ಸೇರಿದ್ದ ಮಹಬೂಬ್‌ನಗರದ ಹಳೆಯ ಹೆಸರು ಪಾಲಮೂರು. ಅಣೆಕಟ್ಟು, ಕಾಲುವೆ ಎಲ್ಲೆಲ್ಲಿ ಎದ್ದವೋ ಅಲ್ಲೆಲ್ಲ ‘ಪಾಲಮೂರು ಲೇಬರ್’ ಎಂಬ ಮಾತಿತ್ತು. ಮೇಸ್ತ್ರಿ ಮುಂಗಡ ಕೊಟ್ಟು ಗುಂಪು ಕಟ್ಟುತ್ತಿದ್ದ. 1955ರಲ್ಲಿ ಅಡಿಗಲ್ಲು ಬಿದ್ದ ನಾಗಾರ್ಜುನಸಾಗರದಲ್ಲಿ ಕಲ್ಲು ಹೊತ್ತವರು, ಅದು ಮುಗಿದ ಮೇಲೆ ಇನ್ನೊಂದು ಅಣೆಕಟ್ಟಿನ ಕಡೆ ನಡೆದರು. 1972ರ ಬರಕ್ಕೆ ಇನ್ನಷ್ಟು ಮಂದಿ ಗುಳೆ ಎದ್ದರು. ನೇಯ್ಗೆಯವರ ದಾರಿ ಬೇರೆ: ನಾರಾಯಣಪೇಟೆಯ ಓಣಿಗಳಲ್ಲಿ ಚೌಕಳಿ ಸೀರೆಯ ಮಗ್ಗ ಇಂದಿಗೂ ಲಟಕ್ ಲಟಕ್ ಅನ್ನುತ್ತಿದ್ದರೂ, ತೆಲಂಗಾಣದ ನೇಕಾರರು ಎಂದೋ ಸೊಲ್ಲಾಪುರ, ಭಿವಂಡಿಗಳಲ್ಲಿ ನೆಲೆ ಕಂಡುಕೊಂಡಿದ್ದಾರೆ.

ಹುಡುಕಿ ಬಂದವರ ಕೈಲಿರುವುದು ಬಾಯಿಂದ ಬಾಯಿಗೆ ಬಂದ ಒಂದು ವಿಳಾಸ. ಗದ್ವಾಲಕ್ಕೆ ಬಂದವರಿಗೆ ಅದೇ ತೊಡಕು. ‘ರಾಯಚೂರು ಜಿಲ್ಲೆ, ಗದ್ವಾಲ ತಾಲೂಕು’ ಎಂದು ಅಜ್ಜ ಹೇಳಿದ್ದು ಸುಳ್ಳಲ್ಲ. 1956ರ ನವೆಂಬರ್ 1ರವರೆಗೆ ಗದ್ವಾಲ, ಆಲಂಪುರ ಎರಡೂ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯೊಳಗಿದ್ದವು. ಅಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಈ ಎರಡು ತಾಲೂಕು ಆಂಧ್ರದ ಪಾಲಾಗಿ ಮಹಬೂಬ್‌ನಗರಕ್ಕೆ ಸೇರಿದವು. 2014ಕ್ಕೆ ತೆಲಂಗಾಣವಾಯಿತು. 2016ರ ಅಕ್ಟೋಬರ್ 11ಕ್ಕೆ ಜೋಗುಲಾಂಬ ಗದ್ವಾಲ ಜಿಲ್ಲೆ. 2019ರ ಫೆಬ್ರವರಿ 17ಕ್ಕೆ ನಾರಾಯಣಪೇಟೆಯೂ ಜಿಲ್ಲೆಯಾಗಿ ಮಕ್ತಲನ್ನು ಒಳಗೆ ಹಾಕಿಕೊಂಡಿತು. ಗದ್ವಾಲ ಕೋಟೆಯ ಚೆನ್ನಕೇಶವನ ಗುಡಿ ಬಿಟ್ಟು ಕದಲದ ಮುದುಕನೂ ಮೂರು ರಾಜ್ಯ, ಮೂರು ಜಿಲ್ಲೆ ಕಂಡವನೇ. ಹೀಗಿರುವಾಗ ಊರು ಬಿಟ್ಟವನ ಮೊಮ್ಮಗ ಯಾವ ಕಚೇರಿಯ ಬಾಗಿಲು ಬಡಿಯಬೇಕು?

ಕಾಗದ ಸಿಕ್ಕಿದರೂ ಓದುವವರು ಸಿಗಬೇಕು. ನಿಜಾಮರ ಕಾಲದ ಜಮೀನು ದಾಖಲೆಯಾದ ಸೇತ್ವಾರ್ ಇರುವುದು ಉರ್ದುವಿನಲ್ಲಿ. 1954–55ರ ಖಾಸ್ರಾ ಪಹಣಿ ತೆಗೆಸಿದರೆ ಹೊಲ ಯಾರದು, ಸಾಗುವಳಿ ಯಾರದು ಎಂಬುದು ತಿಳಿಯುತ್ತದೆ. ಹೊಲವೇ ಇಲ್ಲದವರ ಹೆಸರನ್ನು ಪಹಣಿಯಲ್ಲಿ ಎಲ್ಲಿ ಹುಡುಕುವುದು? ಮೇಸ್ತ್ರಿಯ ಹಿಂದೆ ಹೆಚ್ಚಾಗಿ ಹೋದವರೂ ಅವರೇ.

ಅದಕ್ಕೇ ಕಟ್ಟೆಯ ಹಿರಿಯರು ಕಾಗದ ಕೇಳುವುದಿಲ್ಲ; ಮನೆದೇವರು, ವಂಶದ ಹೆಸರಾದ ಬೆಡಗು ಕೇಳುತ್ತಾರೆ: ‘ನಿಮ್ಮ ಮನೆದೇವ್ರು ಯಾವುದ್ರೀ? ಬೆಡಗು ಯಾವುದು?’ ದೇವಸೂಗೂರಿನ ಸೂಗೂರೇಶ್ವರ ಎಂದರೆ ಕೃಷ್ಣಾ, ಗುಡೇಬಲ್ಲೂರಿನಂಥ ಹೊಳೆದಂಡೆಯ ಊರುಗಳತ್ತ ಕೈ ತೋರಿಸುತ್ತಾರೆ. ಮೈಲಾಪುರದ ಮಲ್ಲಯ್ಯ ಎಂದರೆ ಯಾದಗಿರಿ ಮಗ್ಗುಲಿನವರನ್ನು ನೆನೆಸಿಕೊಳ್ಳುತ್ತಾರೆ. ಜಮ್ಮುಲಮ್ಮ ಎಂದರೆ ಗದ್ವಾಲದ ಸುತ್ತಮುತ್ತ. ದೇವರಿಗೆ ಗಡಿಯ ಹಂಗಿಲ್ಲ. ಪಂಚದೇವ ಪಹಾಡದಲ್ಲಿ ದೋಣಿ ಹತ್ತಿ ಕುರುವಪುರಕ್ಕೆ ಹೋಗುವ ದತ್ತನ ಭಕ್ತರು ತೆಲಂಗಾಣದ ದಡದಿಂದ ಕರ್ನಾಟಕದ ನಡುಗಡ್ಡೆಗೆ ದಾಟುವುದು ಇದೇ ಮಕ್ತಲ್ ಸೀಮೆಯಲ್ಲೇ.

ಒಕ್ಕಲುತನದ ಮನೆಗಳಿಗಾದರೆ ಹೆಳವರು ಇದ್ದಾರೆ. ಎತ್ತು ಹೊಡೆದುಕೊಂಡು ಬಂದು, ಅಂಗಳದಲ್ಲಿ ನಿಂತು, ಈ ವಂಶ ಯಾವ ಊರಿಂದ ಎದ್ದಿತು, ಯಾವ ತಮ್ಮ ಒಡೆದು ಎಲ್ಲಿಗೆ ಹೋದ ಎಂದು ತಲೆಮಾರುಗಳನ್ನು ಎಣಿಸಿ ಹೇಳಿ ಕಾಳುಕಡಿ ಪಡೆಯುವವರು ಅವರು. ತೆಲುಗು ಸೀಮೆಯಲ್ಲಿ ಇದೇ ಕಸುಬಿನವರು ಪಿಚ್ಚಕುಂಟ್ಲರು. ವಂಶರಾಜ್ ಎಂಬ ಹೆಸರೂ ಈಗ ಅವರಿಗಿದೆ. ಆದರೆ ಅವರ ಬಾಯಲ್ಲಿ ಇರುವುದು ಅವರಿಗೆ ಕಾಳು ಕೊಟ್ಟ ಮನೆಗಳ ವಂಶ ಮಾತ್ರ. ಉಳಿದ ಕೇರಿಗಳಿಗೆ ಕಣ್ಣು ಮಂಜಾದ ಆಯಿಯೇ ದಫ್ತರ.

ಕೊನೆಗೊಂದು ಮಾಳಿಗೆ ಮನೆಯ ಮುಂದೆ ನೆಂಟ ಬಂದು ನಿಂತಾಗ ಒಳಗಿನಿಂದ ಬರುವ ಮೊದಲ ಮಾತು ಅಕ್ಕರೆಯದಲ್ಲ: ‘ಮನಿಜಾಗಾ ಕೇಳಾಕ ಬಂದಾನೇನು?’ ಅವನು ಗಡಬಡಿಸಿ ಹೇಳುತ್ತಾನೆ: ‘ಇಲ್ಲಬೇ ಆಯಿ, ಮಗಳ ಲಗ್ನ ಐತಿ. ಗಂಡಿನವರು ಬೆಡಗು ಕೇಳ್ಯಾರ. ಅಣ್ಣತಮ್ಮರ ಪೈಕಿ ಆದರ ಲಗ್ನ ಕೂಡೂದಿಲ್ಲಲ್ಲ.’ ಆಗ ಆಯಿ ಗೋಡೆಗೆ ಒರಗಿ, ಹೋದವನ ಹೆಸರು, ಅವನ ಅಪ್ಪನ ಹೆಸರು, ಬೆಡಗು ಒಂದೊಂದಾಗಿ ಹೇಳುತ್ತಾಳೆ. ಅಷ್ಟರಲ್ಲಿ ಸೊಸೆ ಚಹಾ ತರುತ್ತಾಳೆ. ಲಗ್ನಕ್ಕೆ ಎಷ್ಟು ಮಂದಿ ಹೋಗಬೇಕು, ಸೀರೆ ಯಾರ್ಯಾರಿಗೆ ಒಯ್ಯಬೇಕು, ಬಸ್ಸಿನ ದುಡ್ಡು ಯಾರದು ಎಂಬ ಜಗ್ಗಾಟ ಲೋಟ ಖಾಲಿಯಾಗುವ ಮೊದಲೇ ಹತ್ತಿಕೊಳ್ಳುತ್ತದೆ. ಜಗ್ಗಾಟ ಹತ್ತಿತೆಂದರೆ ಅವನು ಮನೆಯವನಾದನೆಂದೇ ಲೆಕ್ಕ.